ಬಿರುಗಾಳಿಯಲ್ಲಿ ಅಂಜುವುದು ಅವಿಶ್ವಾಸವೇ?



"ಫಾದರ್, ದಿನಾ ಜಪಸರ ಹೇಳ್ತೀನಿ, ಭಾನುವಾರದ ಪೂಜೆ ತಪ್ಪಿಸಲ್ಲ. ಆದರೂ ರಾತ್ರಿಯಾದರೆ ಎದೆ ಡವಡವ ಅನ್ನುತ್ತೆ. ನನಗೆ ವಿಶ್ವಾಸ ಸಾಲದಾ?" ಧರ್ಮಕೇಂದ್ರದಲ್ಲಿ ಸೇವೆ ಮಾಡುವ ಯಾವ ಗುರುವಿಗೂ ಈ ಪ್ರಶ್ನೆ ಹೊಸದಲ್ಲ. ಆಸ್ಪತ್ರೆಯ ವರದಿಗಾಗಿ ಕಾಯುತ್ತಿರುವ ತಾಯಿ ಇದನ್ನು ಕೇಳುತ್ತಾಳೆ. ಕಂಪನಿ ಯಾವಾಗ ಕೆಲಸದಿಂದ ತೆಗೆಯುತ್ತದೋ ಎಂದು ಬಿ.ಟಿ.ಎಂ. ಲೇಔಟಿನ ಬಾಡಿಗೆ ಮನೆಯಲ್ಲಿ ನಿದ್ದೆಗೆಟ್ಟ ಯುವಕ ಕೇಳುತ್ತಾನೆ. ಮಕ್ಕಳೆಲ್ಲ ಹೊರದೇಶ ಸೇರಿ, ಜಯನಗರದ ಮನೆಯಲ್ಲಿ ಒಂಟಿಯಾಗಿ ಉಳಿದ ಹಿರಿಯರು ಕೇಳುತ್ತಾರೆ.

ಈ ಪ್ರಶ್ನೆಯಲ್ಲಿ ಎರಡು ಹೊರೆಗಳಿವೆ. ಒಂದು, ಬಂದಿರುವ ಕಷ್ಟದ ಭಯ. ಇನ್ನೊಂದು, "ದೇವರನ್ನು ನಂಬಿದವಳಾಗಿ ಭಯಪಟ್ಟೆನಲ್ಲ" ಎಂಬ ಅಪರಾಧ ಭಾವ. ಮೊದಲನೆಯ ಹೊರೆಯನ್ನು ಬದುಕು ಹೊರಿಸುತ್ತದೆ. ಎರಡನೆಯದನ್ನು ಹೊರಿಸಿದವರು ಯಾರು? ಪವಿತ್ರಗ್ರಂಥವೇ? ಧರ್ಮಸಭೆಯ ಬೋಧನೆಯೇ? ಅಥವಾ, ಧರ್ಮದ ಹೆಸರಿನಲ್ಲಿ ನಾವೇ ಒಬ್ಬರ ತಲೆಯ ಮೇಲೊಬ್ಬರು ಇಟ್ಟ ಭಾರವೇ? ಇದನ್ನು ಸ್ವಲ್ಪ ಸಾವಧಾನದಿಂದ ಯೋಚಿಸೋಣ.

ಸರೋವರದ ಆ ಸಂಜೆ

ಬಿರುಗಾಳಿ ಎಂದಾಕ್ಷಣ ನಮಗೆ ನೆನಪಾಗುವುದು ಸಂತ ಮಾರ್ಕರ ಶುಭಸಂದೇಶದ ನಾಲ್ಕನೆಯ ಅಧ್ಯಾಯದ ಕೊನೆಯ ಘಟನೆ. ಗಲಿಲೇಯ ಸರೋವರ ಸುಮಾರು 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ, ಸುತ್ತಲೂ ಬೆಟ್ಟಗಳು. ಆ ಬೆಟ್ಟಗಳ ಸಂದಿಯಿಂದ ಗಾಳಿ ಇದ್ದಕ್ಕಿದ್ದಂತೆ ನೀರಿನ ಮೇಲೆ ಎರಗುತ್ತದೆ. 1986ರಲ್ಲಿ ಬರದಿಂದ ನೀರು ಇಳಿದಾಗ, ಯೇಸುಸ್ವಾಮಿಯ ಕಾಲದ್ದೆಂದು ಹೇಳಲಾಗುವ ಒಂದು ಮೀನುಗಾರಿಕೆ ದೋಣಿ ಅಲ್ಲಿಯ ಕೆಸರಿನಲ್ಲಿ ಸಿಕ್ಕಿತು. ಅದರ ಉದ್ದ ಸುಮಾರು 27 ಅಡಿ, ಅಗಲ ಏಳೂವರೆ ಅಡಿ. ನಮ್ಮ ಬಿ.ಎಂ.ಟಿ.ಸಿ. ಬಸ್ಸಿಗಿಂತ ಚಿಕ್ಕದು. ಅಂಥದ್ದೊಂದು ದೋಣಿಯಲ್ಲಿ, ಕತ್ತಲಾಗುವ ಹೊತ್ತಿಗೆ, ಶಿಷ್ಯರು ಹೊರಟಿದ್ದರು.

ಈ ಶಿಷ್ಯರಲ್ಲಿ ಪೇತ್ರ, ಅಂದ್ರೆಯ, ಯಕೋಬ, ಯೊವಾನ್ನ ಈ ನಾಲ್ವರು ಕಸುಬಿನಿಂದ ಮೀನುಗಾರರು. ಆ ನೀರಿನಲ್ಲೇ ಬೆಳೆದವರು. ಆದ್ದರಿಂದ ಅವರ ಭಯ ತಿಳಿಯದವರ ಭಯವಲ್ಲ, ತಿಳಿದವರ ಭಯ. ನುರಿತ ದಾದಿಯೊಬ್ಬಳು ರೋಗಿಯ ಮುಖ ನೋಡಿ ಗಾಬರಿಯಾದರೆ ಅದನ್ನು ನಾವು ಹೇಡಿತನ ಎನ್ನುವುದಿಲ್ಲ. ಅಪಾಯ ನಿಜವಾಗಿಯೂ ಇದೆ ಎಂದು ತಿಳಿಯುತ್ತೇವೆ. ಹಾಗೆಯೇ ಇದು.

ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ರಿಸುತ್ತಿದ್ದರು. ಶಿಷ್ಯರು ಅವರನ್ನು ಎಬ್ಬಿಸಿದರು. ಮೆಲ್ಲನೆ ಎಬ್ಬಿಸಲಿಲ್ಲ, ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ ಎಂದು ಆಕ್ಷೇಪಿಸಿದರು. ಆಗ ಪ್ರಭು ಮಾಡಿದ್ದೇನು? ಸಂತ ಮಾರ್ಕರು ಬರೆದಿರುವ ಕ್ರಮವನ್ನು ಗಮನಿಸಿ. ಮೊದಲು ಗಾಳಿಯನ್ನು ಗದರಿಸಿ ಸರೋವರವನ್ನು ಶಾಂತಗೊಳಿಸಿದರು. ಶಿಷ್ಯರ ವಿಶ್ವಾಸದ ಪ್ರಶ್ನೆ ಎತ್ತಿದ್ದು ಅದರ ನಂತರ. ವಿಶ್ವಾಸದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಸಹಾಯ ಮಾಡುತ್ತೇನೆ ಎಂದು ಹೇಳಲಿಲ್ಲ. "ಸಂಕಟ ಬಂದಾಗ ವೆಂಕಟರಮಣ" ಎಂದು ನಾವು ಇತರರನ್ನು ಹಾಸ್ಯ ಮಾಡುವುದುಂಟು. ಆ ಸಂಜೆ ಶಿಷ್ಯರೂ ಸಂಕಟ ಬಂದ ಮೇಲೆಯೇ ಎಬ್ಬಿಸಿದವರು. ಪ್ರಭು ಅವರನ್ನು ತಳ್ಳಿಬಿಡಲಿಲ್ಲ.

ಹಾಗಾದರೆ ಅವರು ಶಿಷ್ಯರನ್ನು ಆಕ್ಷೇಪಿಸಿದ್ದು ಯಾವುದಕ್ಕೆ? ಶುಭಸಂದೇಶದ ಮೂಲ ಗ್ರೀಕ್ ಭಾಷೆಯಲ್ಲಿ ಇಲ್ಲಿ ಎರಡು ಬೇರೆ ಬೇರೆ ಪದಗಳಿವೆ. ಪ್ರಭು ಶಿಷ್ಯರನ್ನು ಕೇಳುವಾಗ ಬರುವ ಪದಕ್ಕೆ ಎದೆಗುಂದಿದವರು, ಹೇಡಿಗಳು ಎಂಬ ಅರ್ಥವಿದೆ. ಗಾಳಿ ನಿಂತ ಮೇಲೆ ಶಿಷ್ಯರು ಮಹಾಭಯಗೊಂಡರು ಎಂದು ಹೇಳುವಾಗ ಬರುವುದು ಭಯಕ್ಕೆ ಇರುವ ಸಾಮಾನ್ಯ ಪದ. ಆಶ್ಚರ್ಯವಲ್ಲವೇ? ಅಲೆ ಅಡಗಿತು, ಭಯ ಅಡಗಲಿಲ್ಲ, ಇನ್ನೂ ದೊಡ್ಡದಾಯಿತು. ಆದರೆ ಅದು ಬೇರೆ ಬಗೆಯ ಭಯ. ತಮ್ಮ ನಡುವೆ ಇರುವವರು ಯಾರು ಎಂದು ಬೆರಗಾದವರ ಭಯ. ನಮ್ಮ ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೆಯ ಜೋಡುನುಡಿ ಇದೆ: ಭಯಭಕ್ತಿ. ಎರಡೂ ವಿರೋಧಿಗಳಾಗಿದ್ದರೆ ನಮ್ಮ ಹಿರಿಯರು ಅವನ್ನು ಒಟ್ಟಿಗೆ ಸೇರಿಸುತ್ತಿರಲಿಲ್ಲ.

ಪ್ರಭುವಿನ ಆಕ್ಷೇಪಣೆ ಭಯದ ಮೇಲಲ್ಲ, ಭಯದಿಂದ ಶಿಷ್ಯರು ಬಂದ ತೀರ್ಮಾನದ ಮೇಲೆ ಎಂದು ನನಗೆ ತೋರುತ್ತದೆ. ಅಲೆ ದೊಡ್ಡದಾಗಿದೆ ಎಂಬುದು ನಿಜ. ದೋಣಿಗೆ ನೀರು ತುಂಬುತ್ತಿದೆ ಎಂಬುದೂ ನಿಜ. ಆದ್ದರಿಂದ ನಿಮಗೆ ನಮ್ಮ ಚಿಂತೆಯಿಲ್ಲ ಎಂದದ್ದು ಮಾತ್ರ ಸುಳ್ಳು. ಭಯ ನಮ್ಮನ್ನು ಕೆಡಿಸುವುದು ಈ ಜಾಗದಲ್ಲಿ. ನನ್ನವರು ಎಂಬವರು ಯಾರೂ ಇಲ್ಲ, ದೇವರಿಗೂ ಬೇಡವಾದೆ, ಇನ್ನು ನನ್ನನ್ನು ನಾನೇ ನೋಡಿಕೊಳ್ಳಬೇಕು ಎಂಬ ತೀರ್ಮಾನಕ್ಕೆ ಅದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಪ್ರೀತಿಯ ಮಗು ಭಯ

ಗುರುಮಠದ ತತ್ವಶಾಸ್ತ್ರದ ಪಾಠದಲ್ಲಿ ಅರಿಸ್ಟಾಟಲನ ಒಂದು ಮಾತು ಬರುತ್ತದೆ. ಭೂಕಂಪಕ್ಕೂ ಅಲೆಗಳಿಗೂ ಅಂಜದವನನ್ನು ಅವನು ಧೀರನೆಂದು ಕರೆಯುವುದಿಲ್ಲ. ಬುದ್ಧಿಭ್ರಮಣೆಯಾದವನು ಅಥವಾ ನೋವೇ ತಾಗದವನು ಎನ್ನುತ್ತಾನೆ. ಅಂಜಬೇಕಾದದ್ದಕ್ಕೆ, ಅಂಜಬೇಕಾದಷ್ಟು ಅಂಜಿ, ಆದರೂ ಮಾಡಬೇಕಾದದ್ದನ್ನು ಮಾಡುವವನೇ ಧೀರ. ಸಂತ ಅಗಸ್ಟೀನರೂ ಅವರ ನಂತರ ಅಕ್ವೀನದ ಸಂತ ತೋಮಾಸರೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭಯ ಹುಟ್ಟುವುದೇ ಪ್ರೀತಿಯಿಂದ ಎಂದು ತೋರಿಸಿದರು. ಪ್ರೀತಿಸಿದ್ದನ್ನು ಕಳೆದುಕೊಳ್ಳಬಹುದು ಎಂಬುದೇ ಭಯ. ರಾತ್ರಿ ಹನ್ನೊಂದಾದರೂ ಮಗಳು ಮನೆಗೆ ಬಾರದಿದ್ದರೆ ತಾಯಿ ಬಾಗಿಲಿಗೂ ಗೇಟಿಗೂ ಓಡಾಡುತ್ತಾಳೆ. ಪಕ್ಕದ ಮನೆಯ ಬಾಡಿಗೆದಾರ ನೆಮ್ಮದಿಯಿಂದ ನಿದ್ರಿಸುತ್ತಾನೆ. ಅವನ ವಿಶ್ವಾಸ ದೊಡ್ಡದು, ತಾಯಿಯದು ಚಿಕ್ಕದು ಎಂದು ಹೇಳುತ್ತೀರಾ?

ಆದ್ದರಿಂದಲೇ ಸಂತ ತೋಮಾಸರು ಭಯವೆಂಬ ಭಾವವನ್ನು ಪಾಪ ಎನ್ನಲಿಲ್ಲ. ವಿವೇಕವನ್ನು ಬಿಟ್ಟು ಅದರ ಹಿಂದೆ ಹೋದಾಗ ಮಾತ್ರ ತಪ್ಪಾಗುತ್ತದೆ ಎಂದರು. ಆಳಿನ ಭಯ ಬೇರೆ, ಮಗನ ಭಯ ಬೇರೆ ಎಂದೂ ಅವರು ವಿಂಗಡಿಸಿದರು. ಆಳು ಬೆತ್ತಕ್ಕೆ ಹೆದರುತ್ತಾನೆ. ಮಗ ತಂದೆಯ ಮನಸ್ಸು ನೋಯಿಸಲು, ತಂದೆಯಿಂದ ದೂರವಾಗಲು ಹೆದರುತ್ತಾನೆ. ಪವಿತ್ರಾತ್ಮರ ಏಳು ವರಗಳಲ್ಲಿ ಒಂದಾಗಿ ನಾವು ಧರ್ಮೋಪದೇಶದಲ್ಲಿ ಕಲಿತ ದೈವಭಯ ಈ ಎರಡನೆಯದು.

ಭಯ ಕಟ್ಟಿದ ಬಡಾವಣೆ, ಭಯ ಮುಚ್ಚಿದ ಬಾಗಿಲು

ಇದೆಲ್ಲ ಪುಸ್ತಕದ ಮಾತು ಎನಿಸಬಹುದು. ನಮ್ಮ ದಕ್ಷಿಣ ಬೆಂಗಳೂರಿನ ಬೀದಿಗಳಲ್ಲೇ ಇದನ್ನು ಓದೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ಅದು ಹಬ್ಬಿದ ರೀತಿಯಿಂದ ಕಂಗೆಟ್ಟ ಆಡಳಿತ, ಗಾಳಿ ಬೆಳಕು ಆಡುವ ಹೊಸ ಬಡಾವಣೆಗಳನ್ನು ಯೋಜಿಸಿತು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ನೈರ್ಮಲ್ಯಕ್ಕೊಂದು ಓಣಿ. ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದ್ದು ಹೀಗೆ. ನಗರ ಮತ್ತೆ ದಕ್ಷಿಣಕ್ಕೆ ಬೆಳೆದು 1948ರಲ್ಲಿ ಜಯನಗರದ ಆರಂಭವಾಯಿತು. ಇಂದು ನಾವು ನೆರಳಿನಲ್ಲಿ ನಡೆದಾಡುವ ಎಷ್ಟೋ ಬೀದಿಗಳ ಹಿಂದೆ ಒಂದು ಭಯವಿದೆ. ವಿವೇಕದ ಕೈಗೆ ಸಿಕ್ಕ ಭಯ ಅದು. ಅದು ಮುಂದಿನ ತಲೆಮಾರಿಗೆ ಮನೆ ಕಟ್ಟಿಕೊಟ್ಟಿತು.

ವಿವೇಕದ ಕೈತಪ್ಪಿದ ಭಯವನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಅದರ ಮೂರನೆಯ ದಿನ, ಮಾರ್ಚ್ 27ರಂದು, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ, ಜಗದ್ಗುರು ಪೋಪ್ ಫ್ರಾನ್ಸಿಸರು ಮಳೆಯಲ್ಲಿ ತೊಯ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಿಮ್ಮಲ್ಲಿ ಅನೇಕರು ದೂರದರ್ಶನದಲ್ಲಿ ನೋಡಿರಬಹುದು. 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಹೊತ್ತೊಯ್ದ ಶಿಲುಬೆಯನ್ನು ಅಂದು ಅಲ್ಲಿ ನಿಲ್ಲಿಸಿದ್ದರು. 2025ರ ಏಪ್ರಿಲ್ 21ರಂದು ದೈವಾಧೀನರಾದ ಆ ಹಿರಿಯರು ಅಂದು ಆರಿಸಿಕೊಂಡ ವಾಚನ ಇದೇ ಬಿರುಗಾಳಿಯ ವಾಚನ. ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆ ಎಂಬುದು ಅವರ ಮಾತಿನ ಸಾರವಾಗಿತ್ತು.

ಒಂದೇ ದೋಣಿಯಲ್ಲಿರುವುದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಆಸ್ಪತ್ರೆಯಲ್ಲಿ ದುಡಿದು ಬಂದ ವೈದ್ಯರನ್ನೂ ದಾದಿಯರನ್ನೂ ಮನೆ ಖಾಲಿಮಾಡಿ ಎಂದ ಮಾಲೀಕರು ನಮ್ಮ ನಗರದಲ್ಲೂ ಇದ್ದರು. ಅವರು ಕೆಟ್ಟವರೇ ಆಗಿರಬೇಕಿಲ್ಲ. ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೆದರಿದವರು. ಆದರೆ ಆ ಪ್ರೀತಿ ತನ್ನ ಹೊಸ್ತಿಲು ದಾಟಲಿಲ್ಲ. 2021ರ ಎರಡನೆಯ ಅಲೆ ಇನ್ನೂ ಭೀಕರ. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾದವು. ಬನಶಂಕರಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದವು. ಚಾಮರಾಜಪೇಟೆಯ ಚಿತಾಗಾರದಲ್ಲಿ ಸಿನಿಮಾ ಟಾಕೀಸಿನಂತೆ ಹೌಸ್‌ಫುಲ್ ಫಲಕ ಹಾಕಬೇಕಾಯಿತು.

ಅದೇ ವಾರ, ಜಯನಗರದಲ್ಲಿದ್ದ ಪಾಲಿಕೆಯ ದಕ್ಷಿಣ ವಲಯದ ಕೋವಿಡ್ ವಾರ್ ರೂಮಿನಲ್ಲಿ ಹಾಸಿಗೆ ಹಂಚಿಕೆಯ ಅಕ್ರಮದ ಮಾತು ಎದ್ದಿತು. ಅಲ್ಲಿ ದುಡಿಯುತ್ತಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಒಂದೇ ಸಮುದಾಯದ ಹದಿನೈದಕ್ಕೂ ಹೆಚ್ಚು ಜನರ ಹೆಸರುಗಳನ್ನು ಮಾತ್ರ ಕ್ಯಾಮೆರಾ ಮುಂದೆ ಓದಲಾಯಿತು. ಅವರನ್ನು ಕೆಲಸದಿಂದ ದೂರವಿಟ್ಟರು. ವಿಚಾರಣೆಯಲ್ಲಿ ಅವರ ವಿರುದ್ಧ ಏನೂ ಸಿಗದೆ, ನಂತರ ಮರಳಿ ಕರೆದರು. ಈ ವಿಷಯವನ್ನು ರಾಜಕೀಯಕ್ಕಾಗಿ ಇಲ್ಲಿ ಎತ್ತುತ್ತಿಲ್ಲ. ಹಾಸಿಗೆ ಸಿಗದೆ ನಡುಗುತ್ತಿದ್ದ ನಗರಕ್ಕೆ, ಇವರೇ ಕಾರಣ ಎಂದು ತೋರಿಸಲು ಯಾರಾದರೂ ಬೇಕಾಗಿದ್ದರು. ಭಯ ಎಷ್ಟು ಬೇಗ ಬೆರಳು ತೋರಿಸಲು ಕಲಿಯುತ್ತದೆ ನೋಡಿ! ಅದೇ ದಿನಗಳಲ್ಲಿ ಮರ್ಸಿ ಮಿಷನ್ ಎಂಬ ಒಕ್ಕೂಟದ ಸ್ವಯಂಸೇವಕರು, ಅವರಲ್ಲಿ ಬಹಳ ಮಂದಿ ಮುಸ್ಲಿಂ ಯುವಕರು, ಎಲ್ಲ ಮತದವರ ಶವಗಳಿಗೂ ಗೌರವದ ಅಂತ್ಯಸಂಸ್ಕಾರ ಮಾಡುತ್ತಿದ್ದರು. ಅವರಿಗೆ ಮನೆಯಲ್ಲಿ ತಾಯಿ ತಂದೆ ಇರಲಿಲ್ಲವೇ? ಸೋಂಕಿನ ಭಯ ಇರಲಿಲ್ಲವೇ? ಇದ್ದೇ ಇರುತ್ತದೆ. ಭಯದೊಡನೆಯೇ ಅವರು ಹೊರಗೆ ಬಂದರು.

ಇನ್ನೊಂದು ತಪ್ಪು ವಿಶ್ವಾಸಿಗಳಾದ ನಮ್ಮ ಕಡೆಯದು. ದೇವರನ್ನು ನಂಬಿದವರಿಗೆ ಮುಖಗವಸು ಯಾಕೆ, ಲಸಿಕೆ ಯಾಕೆ ಎಂದವರೂ ಆಗ ಇದ್ದರು. ಇದು ಕೇಳಲು ವಿಶ್ವಾಸದಂತೆ ಕಾಣುತ್ತದೆ. ಆದರೆ ಮಹಾದೇವಾಲಯದ ಗೋಪುರದಿಂದ ಧುಮುಕು, ದೂತರು ಎತ್ತಿ ಹಿಡಿಯುತ್ತಾರೆ ಎಂದು ಯೇಸುಸ್ವಾಮಿಗೆ ಹೇಳಿದವನು ಯಾರು? ಸೈತಾನ. ಅವನೂ ಪವಿತ್ರಗ್ರಂಥದ ಮಾತನ್ನೇ ಉಪಯೋಗಿಸಿದ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದು ವಿಶ್ವಾಸವಲ್ಲ ಎಂಬುದು ಅವರ ಉತ್ತರದ ತಿರುಳು.

ಗಾಳಿ ನಿಲ್ಲದಿದ್ದರೆ?

ಇಲ್ಲಿಯವರೆಗೆ ಓದಿದ ಕೆಲವರ ಮನಸ್ಸಿನಲ್ಲಿ ಒಂದು ಕಹಿ ಪ್ರಶ್ನೆ ಎದ್ದಿರಬಹುದು. ಅಂದು ಸರೋವರದಲ್ಲಿ ಗಾಳಿ ನಿಂತಿತು. ನಮ್ಮ ಮನೆಯಲ್ಲಿ ನಿಲ್ಲಲಿಲ್ಲ. ನಾವೂ ಪ್ರಾರ್ಥಿಸಿದೆವು, ಇಡೀ ಕುಟುಂಬ ಮೊಣಕಾಲೂರಿ ಜಪಸರ ಹೇಳಿದೆವು. ಆದರೂ ಅವರು ಮನೆಗೆ ಮರಳಲಿಲ್ಲ. ನಮ್ಮ ವಿಶ್ವಾಸದಲ್ಲಿ ಏನು ಕೊರತೆಯಿತ್ತು?

ಈ ಪ್ರಶ್ನೆಯನ್ನು ಸುಲಭದ ಮಾತಿನಿಂದ ಮುಚ್ಚಲು ಯಾವ ಗುರುವಿಗೂ ಅಧಿಕಾರವಿಲ್ಲ. ಆದರೆ ಪವಿತ್ರಗ್ರಂಥದಲ್ಲಿ ಇರುವುದು ಒಂದೇ ಬಿರುಗಾಳಿಯಲ್ಲ. ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಈ ವಾರ ತೆರೆದು ಓದಿ. ಕೈದಿಯಾಗಿ ರೋಮಿಗೆ ಸಾಗುತ್ತಿದ್ದ ಸಂತ ಪೌಲರ ಹಡಗು ಎರಡು ವಾರ ಬಿರುಗಾಳಿಗೆ ಸಿಕ್ಕಿತು. ಯಾರೂ ಗಾಳಿಯನ್ನು ಗದರಿಸಲಿಲ್ಲ. ಅದು ನಿಲ್ಲಲೂ ಇಲ್ಲ. ನಡುರಾತ್ರಿ ನಾವಿಕರು ಲಂಗರು ಇಳಿಸುವ ನೆಪದಲ್ಲಿ ಸಣ್ಣ ದೋಣಿಯನ್ನು ನೀರಿಗಿಳಿಸಿ, ಉಳಿದವರನ್ನು ಬಿಟ್ಟು ತಪ್ಪಿಸಿಕೊಳ್ಳಲು ನೋಡಿದರು. ಪೌಲರು ಅದನ್ನು ತಡೆದರು. ಬೆಳಗಾಗುವ ಮುನ್ನ ಎಲ್ಲರ ಕಣ್ಣೆದುರು ರೊಟ್ಟಿ ತೆಗೆದುಕೊಂಡು, ದೇವರಿಗೆ ಕೃತಜ್ಞತೆ ಸಲ್ಲಿಸಿ, ಮುರಿದು ತಿಂದರು. ಅದನ್ನು ಕಂಡು ಉಳಿದವರಿಗೂ ಧೈರ್ಯ ಬಂದು ಊಟ ಮಾಡಿದರು. ಕೊನೆಗೆ ಹಡಗು ಒಡೆಯಿತು. 276 ಜನರು ಈಜುತ್ತಲೋ, ಹಲಗೆ ಹಿಡಿದುಕೊಂಡೋ ದಡ ಸೇರಿದರು.

ಪೌಲರು ಅಂದು ದಡ ಸೇರಿದರು ನಿಜ, ಆದರೆ ರೋಮಿನಲ್ಲಿ ರಕ್ತಸಾಕ್ಷಿಯಾಗಿ ಮಡಿದರು. ಸರೋವರದ ದೋಣಿಯಲ್ಲಿದ್ದ ಯಕೋಬರನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದನು. ದೇವರಿಗೆ ಪ್ರಿಯರಾದವರ ಬದುಕಿನಲ್ಲೂ ಒಂದು ದಿನ ಗಾಳಿ ನಿಲ್ಲದೆ ಹೋಯಿತು. ಆದ್ದರಿಂದ, ನಿಮ್ಮ ಮನೆಯ ಸಾವಿಗೆ ನಿಮ್ಮ ವಿಶ್ವಾಸದ ಕೊರತೆ ಕಾರಣ ಎಂದು ಯಾರಾದರೂ ಹೇಳಿದರೆ, ಅದು ಧರ್ಮಸಭೆಯ ಬೋಧನೆಯಲ್ಲ. ಅದನ್ನು ನಿಮ್ಮ ಹೃದಯದಿಂದ ತೆಗೆದುಹಾಕಿ.

ಇದೆಲ್ಲಕ್ಕಿಂತ ಮಿಗಿಲಾಗಿ ಗೆತ್ಸೆಮನಿ ತೋಪು ಇದೆ. ಅಲ್ಲಿ ಯೇಸುಸ್ವಾಮಿಯೇ ದಿಗಿಲುಗೊಂಡು ಕಳವಳಪಟ್ಟರು ಎಂದು ಸಂತ ಮಾರ್ಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪಾಪವಿಲ್ಲದವರು ಭಯಪಟ್ಟರು ಎಂದ ಮೇಲೆ ಭಯ ಹೇಗೆ ಪಾಪವಾದೀತು? ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಅವರು ಬೇಡಿದರು, ಅದು ದೂರವಾಗಲಿಲ್ಲ. ದೋಣಿಯಲ್ಲಿ ಶಿಷ್ಯರು ಎಚ್ಚರವಾಗಿದ್ದರು, ಪ್ರಭು ನಿದ್ರಿಸುತ್ತಿದ್ದರು. ತೋಪಿನಲ್ಲಿ ಪ್ರಭು ಎಚ್ಚರವಾಗಿದ್ದರು, ಶಿಷ್ಯರು ನಿದ್ರಿಸುತ್ತಿದ್ದರು. ನಮ್ಮೊಡನೆ ಸ್ವಲ್ಪ ಹೊತ್ತು ಎಚ್ಚರವಾಗಿ ಕುಳಿತುಕೊಳ್ಳುವವರು ಬೇಕು ಎಂಬ ಆಸೆ ಅವರಿಗೂ ಇತ್ತು. ಆದರೆ ಆ ಭಯದಲ್ಲಿ ಅವರು ತಂದೆಯನ್ನು ಕೈಬಿಡಲಿಲ್ಲ, ನಿದ್ರಿಸಿದ ಗೆಳೆಯರನ್ನೂ ಕೈಬಿಡಲಿಲ್ಲ. ವಿಶ್ವಾಸ ಎಂದರೆ ಇದು. ಗಾಳಿ ನಿಂತೇ ನಿಲ್ಲುತ್ತದೆ ಎಂಬ ಖಾತರಿ ಚೀಟಿ ಅದಲ್ಲ. ನಡುಗುವ ಕೈಯಿಂದಲಾದರೂ ಹಿಡಿದ ಕೈಯನ್ನು ಬಿಡದಿರುವುದು.

ಮನೆಯಲ್ಲಿ ಮಾಡಬಹುದಾದದ್ದು

ಭಯ ಬಂದಾಗ ಮೊದಲು ಅದನ್ನು ದೇವರಿಗೆ ಹೇಳಿ. ಚೆಂದದ ಮಾತಿನಲ್ಲೇ ಹೇಳಬೇಕಿಲ್ಲ. ಶಿಷ್ಯರದು ಪ್ರಾರ್ಥನೆಗಿಂತ ಜಗಳದಂತಿತ್ತು, ಆದರೂ ಪ್ರಭು ಎದ್ದರು. 56ನೆಯ ಕೀರ್ತನೆಯ ಭಕ್ತನು ತನಗೆ ಭಯವೇ ಆಗುವುದಿಲ್ಲ ಎಂದು ಹೇಳಿಕೊಳ್ಳುವುದಿಲ್ಲ. ಭಯವಾದಾಗ ದೇವರ ಮೇಲೆ ಭರವಸೆ ಇಡುತ್ತೇನೆ ಎನ್ನುತ್ತಾನೆ. ಮಕ್ಕಳೆದುರು "ನಮಗೇನೂ ಆಗಿಲ್ಲ" ಎಂದು ನಟಿಸುವ ತಂದೆ ತಾಯಿಯರೇ, ಮಕ್ಕಳಿಗೆ ನಿಮ್ಮ ಮುಖ ಓದಲು ಬರುತ್ತದೆ. "ಅಪ್ಪನಿಗೂ ಸ್ವಲ್ಪ ಹೆದರಿಕೆ ಆಗಿದೆ ಕಂದಾ, ಬಾ ಎಲ್ಲರೂ ಸೇರಿ ಪ್ರಾರ್ಥನೆ ಮಾಡೋಣ" ಎಂದರೆ ಮಗು ಹೆಚ್ಚು ಧೈರ್ಯವಾಗಿರುತ್ತದೆ.

ಭಯದ ಮಧ್ಯೆ ದೊಡ್ಡ ನಿರ್ಧಾರ ಬೇಡ. ಮನಸ್ಸು ಕತ್ತಲಾದ ಹೊತ್ತಿನಲ್ಲಿ, ಬೆಳಕಿದ್ದಾಗ ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಿಸಬಾರದು ಎಂಬುದು ಲೊಯೋಲದ ಸಂತ ಇಗ್ನಾಸಿಯವರ ಪ್ರಸಿದ್ಧ ನಿಯಮ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ನಮ್ಮ ಭಾಗದ ಹಿರಿಯರ ಎದೆ ಒಡೆಯಿತು. ಅಂತಹ ವೇಳೆಯಲ್ಲಿ ಅರ್ಧ ಬೆಲೆಗೆ ಮನೆ ಮಾರುವುದು, ಮಗಳ ಓದು ನಿಲ್ಲಿಸುವುದು, ಬಡ್ಡಿ ಸಾಲಕ್ಕೆ ಸಹಿ ಹಾಕುವುದು ಇವೆಲ್ಲ ಭಯದ ಕೈಬರಹಗಳು. ಒಂದು ವಾರ ತಡೆಯಿರಿ. ಬಲ್ಲವರೊಬ್ಬರನ್ನು ಕೇಳಿ.

ಕೆಲವರ ಭಯಕ್ಕೆ ಹೊರಗೆ ಕಾರಣವೇ ಕಾಣುವುದಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಉಸಿರು ಕಟ್ಟುತ್ತದೆ, ಬಾಳೇ ಬೇಡವೆನಿಸುತ್ತದೆ. ಅದು ಅವಿಶ್ವಾಸವಲ್ಲ, ಕಾಯಿಲೆ ಇರಬಹುದು. ಸಕ್ಕರೆ ಕಾಯಿಲೆಗೆ ವೈದ್ಯರ ಬಳಿ ಹೋಗುವ ನಾವು ಇದಕ್ಕೂ ಹೋಗಬೇಕು. ನಮ್ಮ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಿಂದ 14416 ಎಂಬ ಉಚಿತ ಟೆಲಿ ಮಾನಸ್ ಸಂಖ್ಯೆಯೂ ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು. ಮಾತ್ರೆ ನುಂಗುವುದರಿಂದ ವಿಶ್ವಾಸ ಕಡಿಮೆಯಾಗುವುದಿಲ್ಲ.

ಕೊನೆಯದಾಗಿ, ಸಂತ ಮಾರ್ಕರು ಹೇಳುವ ಒಂದು ಚಿಕ್ಕ ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಆ ಸಂಜೆ ಪ್ರಭುವಿನ ದೋಣಿಯ ಜೊತೆಗೆ ಬೇರೆ ದೋಣಿಗಳೂ ಇದ್ದವು. ಅದೇ ಗಾಳಿ ಅವನ್ನೂ ಹೊಡೆಯಿತು, ಅದೇ ಶಾಂತಿ ಅವಕ್ಕೂ ಸಿಕ್ಕಿತು. ಆದರೆ ಅವುಗಳಲ್ಲಿದ್ದವರಿಗೆ ಯಾರು ಗಾಳಿಯನ್ನು ನಿಲ್ಲಿಸಿದರೆಂದು ಗೊತ್ತೇ ಆಗಿರಲಿಕ್ಕಿಲ್ಲ. ನಿಮ್ಮ ಭಯದ ನಡುವೆ ಒಂದು ಸಲ ಪಕ್ಕದ ದೋಣಿಯ ಕಡೆಗೂ ನೋಡಿ. ಮೇಲಿನ ಮಹಡಿಯಲ್ಲಿ ಒಂಟಿಯಾಗಿರುವ ಅಜ್ಜಿ, ಕೆಲಸ ಕಳೆದುಕೊಂಡು ಯಾರಿಗೂ ಹೇಳದೆ ದಿನಾ ಬೆಳಿಗ್ಗೆ ಚೀಲ ತಗುಲಿಸಿಕೊಂಡು ಹೊರಡುವ ಎದುರುಮನೆಯ ಹುಡುಗ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುವ ನಿಮ್ಮ ಮನೆಗೆಲಸದವರ ಗಂಡ. ಅವರ ಬಾಗಿಲು ತಟ್ಟಿ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕುಳಿತುಕೊಳ್ಳಿ. ಪರಿಪೂರ್ಣ ಪ್ರೀತಿ ಭಯವನ್ನು ಹೊರದೂಡುತ್ತದೆ ಎಂದು ಸಂತ ಯೊವಾನ್ನರು ಕಲಿಸಿದ್ದರ ಅರ್ಥ ಅಲ್ಲಿ ನಿಮಗೆ ಸ್ವಲ್ಪವಾದರೂ ತಿಳಿಯುತ್ತದೆ.

ಅಂಜುವ ಹೃದಯಗಳನ್ನು ಪ್ರಭು ತಮ್ಮ ಹತ್ತಿರ ಕುಳ್ಳಿರಿಸಿಕೊಳ್ಳಲಿ. ಅಂಜುತ್ತಲೇ ಒಬ್ಬರಿಗೊಬ್ಬರು ಆಸರೆಯಾಗುವ ಕೃಪೆಯನ್ನು ನಮ್ಮೆಲ್ಲ ಕುಟುಂಬಗಳಿಗೂ ದಯಪಾಲಿಸಲಿ.